ಸೊನ್ನೆಯೂ ಬೀಗವೂ

ಸೌದಿಯಲ್ಲಿ ವಾರ ಶುರುವಾಗುವುದು ಭಾನುವಾರ. ನಾನು 2009ರಲ್ಲಿ ದಮ್ಮಾಮಿಗೆ ಬಂದಾಗ ಗುರುವಾರ, ಶುಕ್ರವಾರ ರಜೆ ಇತ್ತು. 2013ರ ಜೂನ್ ಕೊನೆಗೆ ಅದು ಶುಕ್ರವಾರ, ಶನಿವಾರ ಆಯಿತು. ಆದರೆ ನಮ್ಮಂಥ ವ್ಯಾಪಾರದ ಕಂಪನಿಗಳ ಅಂಗಡಿಗಳಿಗೆ ಶನಿವಾರ ಭರ್ತಿ ಕೆಲಸ, ಶುಕ್ರವಾರವೂ ಸಂಜೆ ಬಾಗಿಲು ತೆರೆಯುತ್ತದೆ. ರಜೆ ಇರುವುದು ಹೆಡ್ಡಾಫೀಸಿನಲ್ಲಿ ಕೂತು ಅಂಗಡಿಗಳ ಲೆಕ್ಕ ನೋಡುವ ನನ್ನಂಥವರಿಗೆ. ನಾನು ಹೇಳಹೊರಟಿರುವ ಫಜೀತಿ ನಡೆದದ್ದು ಅಂಥ ಎರಡು ದಿನ ರಜೆಯಲ್ಲಿ.

ನಮ್ಮದು ಪಂಪು, ವಾಲ್ವು, ಪೈಪಿನ ಬಿಡಿಭಾಗ ಮಾರುವ ಕಂಪನಿ. ದಮ್ಮಾಮಿನಲ್ಲಿ ಹೆಡ್ಡಾಫೀಸು, ಖೋಬರ್, ಜುಬೈಲ್, ಹೊಫೂಫ್, ರಿಯಾದ್‌ಗಳಲ್ಲಿ ಅಂಗಡಿ. 2018ರ ಜನವರಿ 1ಕ್ಕೆ ಈ ದೇಶಕ್ಕೆ ಶೇಕಡಾ 5ರ ವ್ಯಾಟ್ ಬಂತು, 2020ರ ಜುಲೈ 1ಕ್ಕೆ ಅದು 15 ಆಯಿತು. 2021ರ ಡಿಸೆಂಬರ್ 4ರಿಂದ ಕೈಬರಹದ ಬಿಲ್ಲು ಹೋಗಿ ಇಲೆಕ್ಟ್ರಾನಿಕ್ ಬಿಲ್ಲು ಬಂತು. 2023ರ ಜನವರಿಯಿಂದ ಎರಡನೆಯ ಹಂತ: ಕಂಪನಿಗಳನ್ನು ಅವುಗಳ ವಹಿವಾಟಿನ ಗಾತ್ರ ನೋಡಿ ತಂಡ ತಂಡವಾಗಿ ಸರಕಾರದ 'ಫಾತೂರಾ' ವ್ಯವಸ್ಥೆಗೆ ಜೋಡಿಸತೊಡಗಿದರು. ಇನ್ನೊಂದು ಕಂಪನಿಗೆ ಕೊಡುವ ಬಿಲ್ಲಾದರೆ ಅದು ಮೊದಲು ಸರಕಾರದ ಯಂತ್ರಕ್ಕೆ ಹೋಗಿ ಒಪ್ಪಿಗೆ ಪಡೆದು ಬರಬೇಕು. ಕೌಂಟರಿನಲ್ಲಿ ನಿಂತು ಕೊಳ್ಳುವ ಸಾಮಾನ್ಯ ಗಿರಾಕಿಯ ಬಿಲ್ಲಾದರೆ ಅಲ್ಲೇ ಕ್ಯೂಆರ್ ಹಾಕಿ ಕೊಟ್ಟುಬಿಡಬಹುದು, ಆದರೆ 24 ಗಂಟೆಯೊಳಗೆ ಸರಕಾರಕ್ಕೆ ವರದಿಯಾಗಬೇಕು. ಪ್ರತಿ ಬಿಲ್ಲಿನ ಒಳಗೆ ಹಿಂದಿನ ಬಿಲ್ಲಿನ ಒಂದು ಗುರುತು ಸೇರಿರುತ್ತದೆ, ಸರಪಳಿಯ ಕೊಂಡಿಯ ಹಾಗೆ. ನಡುವಿನ ಒಂದನ್ನು ಮೆಲ್ಲನೆ ಕಿತ್ತು ಬಚ್ಚಿಡಲು ಆಗುವುದಿಲ್ಲ. ಲೆಕ್ಕಿಗನಾಗಿ ನನಗೆ ಈ ಏರ್ಪಾಟು ಇಷ್ಟವೇ.

ನಮ್ಮ ಪ್ರತಿ ಅಂಗಡಿಯ ಹಿಂಬದಿಯ ಕೋಣೆಯಲ್ಲಿ, ಚಹದ ಕೆಟಲಿನ ಪಕ್ಕ, ಒಂದು ಚಿಕ್ಕ ಸರ್ವರ್ ಇದೆ. ಕೌಂಟರುಗಳ ಬಿಲ್ಲುಗಳನ್ನೆಲ್ಲ ಕೂಡಿಸಿ ಸರಕಾರಕ್ಕೆ ಕಳಿಸುವುದು ಅದರ ಕೆಲಸ. ಎಷ್ಟು ಬಿಲ್ಲು ಕಳಿಸಲು ಬಾಕಿ ಇದೆ ಎಂಬ ಸಂಖ್ಯೆಯನ್ನು ಅದು ಗಂಟೆಗೊಮ್ಮೆ ಹೆಡ್ಡಾಫೀಸಿಗೂ ತಿಳಿಸುತ್ತದೆ. ಆ ಪಟ್ಟಿ ನನ್ನ ಮೊಬೈಲಿಗೆ ಬರುತ್ತದೆ.

ಶುಕ್ರವಾರ ರಾತ್ರಿ ಊಟವಾದ ಮೇಲೆ ಪಟ್ಟಿ ನೋಡಿದೆ. ಖೋಬರ್ ಬಾಕಿ 3, ಜುಬೈಲ್ 1, ರಿಯಾದ್ 6, ಹೊಫೂಫ್ 0. ಹೊಫೂಫಿನವರು ಯಾವಾಗಲೂ ಚುರುಕು ಎಂದುಕೊಂಡು ಮಲಗಿದೆ. ಶನಿವಾರವೂ 0. ಭಾನುವಾರ ಬೆಳಿಗ್ಗೆ ಎಂಟೂವರೆಗೆ ಹೊಫೂಫ್ ಅಂಗಡಿಯ ಮ್ಯಾನೇಜರನ ಫೋನು: ಸರ್, ಗುರುವಾರ ರಾತ್ರಿಯಿಂದ ಒಂದು ಬಿಲ್ಲೂ ಹೋಗಿಲ್ಲ.

ಅಲ್ಲಿನ ಸರ್ವರಿನ ಡಿಸ್ಕ್ ತುಂಬಿಹೋಗಿತ್ತು. ಯಾವುದೋ ಪ್ರೋಗ್ರಾಂ ತನ್ನ ದಿನಚರಿಯನ್ನು ಬರೆದೂ ಬರೆದೂ ಒಂದು ಅಕ್ಷರಕ್ಕೂ ಜಾಗ ಉಳಿದಿರಲಿಲ್ಲ. ಬಿಲ್ಲು ಕಳಿಸುವ ಪ್ರೋಗ್ರಾಂ ನಿಂತಿತ್ತು. ಬಾಕಿ ಎಷ್ಟೆಂದು ನಮಗೆ ತಿಳಿಸುವ ಪ್ರೋಗ್ರಾಮೂ ನಿಂತಿತ್ತು. ಕೌಂಟರಿನ ಯಂತ್ರಗಳು ಮಾತ್ರ ತಮ್ಮಲ್ಲೇ ಬಿಲ್ಲುಗಳನ್ನು ಕೂಡಿಟ್ಟುಕೊಂಡು ಕ್ಯೂಆರ್ ಮುದ್ರಿಸುತ್ತ ವ್ಯಾಪಾರ ನಡೆಸಿದ್ದವು. ಗುರುವಾರ ರಾತ್ರಿಯ ಕೊನೆಯವು, ಶುಕ್ರವಾರ ಸಂಜೆಯವು ಸೇರಿ 412 ಬಿಲ್ಲುಗಳ ಗಡುವು ಆಗಲೇ ಮೀರಿತ್ತು. ಶನಿವಾರದ ಬಿಲ್ಲುಗಳು ನಾವು ನೋಡನೋಡುತ್ತಿದ್ದಂತೆ ಒಂದೊಂದಾಗಿ 24 ಗಂಟೆಯ ಗೆರೆ ದಾಟುತ್ತಿದ್ದವು. ನಮ್ಮ ಐಟಿ ಹುಡುಗ ದಮ್ಮಾಮಿನಿಂದಲೇ ಆ ಯಂತ್ರದೊಳಗೆ ಹೊಕ್ಕು, ಬೇಡದ ಕಡತ ಅಳಿಸಿ, ಹತ್ತೂಮುಕ್ಕಾಲಿಗೆ ಸಾಲು ಮುಂದೆ ಸರಿಯುವ ಹಾಗೆ ಮಾಡಿದ. ಅವನು ಭಟ್ಕಳದವನು, ಇಪ್ಪತ್ತೆಂಟರ ಪ್ರಾಯ, ಐದು ಊರಿನ ಯಂತ್ರಗಳಿಗೆ ಅವನೊಬ್ಬನೇ ದಿಕ್ಕು.

ಹನ್ನೊಂದಕ್ಕೆ ಮೀಟಿಂಗ್. ಜನರಲ್ ಮ್ಯಾನೇಜರ್ ಕೇಳಿದ್ದು ಒಂದೇ ಪ್ರಶ್ನೆ: ಎರಡು ದಿನ ಯಾರೂ ನೋಡಲಿಲ್ಲವೇ? ಹುಡುಗ ತಲೆ ತಗ್ಗಿಸಿ, ನೋಡಿದ್ದೆ ಸರ್, ಸೊನ್ನೆ ತೋರಿಸುತ್ತಿತ್ತು ಎಂದ. ಸೊನ್ನೆ ತೋರಿಸಿದರೆ ಅದು ಯಾರ ತಪ್ಪು? ಅವನು ಸುಮ್ಮನಾದ. ನಾನೂ ಸುಮ್ಮನಿದ್ದೆ.

ನಾನು ಸುಮ್ಮನಿದ್ದದ್ದಕ್ಕೆ ಕಾರಣವಿತ್ತು. ಮೊದಲು ಆ ಪಟ್ಟಿಯಲ್ಲಿ ಸಂಖ್ಯೆ ಬಾರದ ಕಡೆ ಖಾಲಿ ಬಿಡುತ್ತಿತ್ತು. ಆ ಖಾಲಿ ಜಾಗ ನನ್ನ ಎಕ್ಸೆಲ್ ಸೂತ್ರಗಳಿಗೆ ತೊಡಕಾಗುತ್ತಿತ್ತು, ಮೊತ್ತದ ಜಾಗದಲ್ಲಿ ದೋಷದ ಗುರುತು ಬಂದು ನನಗೆ ಕಿರಿಕಿರಿ. "ಏನೂ ಬಾರದಿದ್ದರೆ ಸೊನ್ನೆ ಹಾಕಿಬಿಡು ಮಾರಾಯ" ಎಂದು ಅವನಿಗೆ ಹೇಳಿದವನು ನಾನು. ಇನ್ನೊಂದು ಕಾರಣ ಇದಕ್ಕಿಂತ ಕೆಟ್ಟದ್ದು. ಆ ವರ್ಷದ ಬಜೆಟ್ಟಿಗೆ ಅವನು ಒಂದು ಸಾಲು ಸೇರಿಸಿದ್ದ: ಎಲ್ಲ ಸರ್ವರುಗಳ ಆರೋಗ್ಯವನ್ನು ಒಂದೇ ಕಡೆ ನೋಡಲು ದಮ್ಮಾಮಿನಲ್ಲಿ ಒಂದು ಯಂತ್ರ, 6,000 ರಿಯಾಲ್. ಅದರ ಮೇಲೆ ಗೆರೆ ಎಳೆದು 'ಮುಂದಿನ ವರ್ಷ ನೋಡೋಣ' ಎಂದು ಇಮೇಲ್ ಹಾಕಿದವನೂ ನಾನೇ. ಆ ಇಮೇಲ್ ಅವನ ಬಳಿ ಇತ್ತು. ಮೀಟಿಂಗಿನಲ್ಲಿ ಅವನು ಅದರ ಸುದ್ದಿ ಎತ್ತಲಿಲ್ಲ. ಸಂಜೆ ಹೊತ್ತಿಗೆ ಅವನ ಹೆಸರಿಗೆ ವಾರ್ನಿಂಗ್ ಲೆಟರ್ ತಯಾರಾಯಿತು. ಅವನ ಇಕಾಮಾ ನವೀಕರಣಕ್ಕೆ ಎರಡು ತಿಂಗಳಿತ್ತು. ಇಂಥ ಕಾಗದ ಫೈಲಿನಲ್ಲಿದ್ದರೆ ಆ ನವೀಕರಣದ ಗತಿ ಏನೆಂದು ಗಲ್ಫಿನಲ್ಲಿ ಇದ್ದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ. ನೆನಪಾದದ್ದು ಅಪ್ಪ.

ಅಪ್ಪ ಬ್ರಹ್ಮಾವರದಲ್ಲಿ ಸಿಂಡಿಕೇಟ್ ಬ್ಯಾಂಕಿನ ಪಿಗ್ಮಿ ಏಜೆಂಟರಾಗಿದ್ದರು. ಪಿಗ್ಮಿ ಎಂದರೆ ಏನೆಂದು ನಮ್ಮ ಕಡೆಯವರಿಗೆ ಗೊತ್ತು, ಉಳಿದವರಿಗಾಗಿ ಹೇಳುತ್ತೇನೆ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಆ ಬ್ಯಾಂಕು 1928ರಲ್ಲಿ ಮನೆ ಮನೆಯಿಂದ ದಿನಕ್ಕೆ ಎರಡಾಣೆ ಸಂಗ್ರಹಿಸುವ ಯೋಜನೆ ತಂದಿತು. ಅದರ ಹಿಂದೆ ಇದ್ದವರು ಡಾ. ಟಿ.ಎಂ.ಎ. ಪೈ. ಬ್ಯಾಂಕಿನ ಮೆಟ್ಟಿಲು ಹತ್ತಲು ಹಿಂಜರಿಯುವ ಮೀನು ಮಾರುವವರು, ಬೀಡಿ ಕಟ್ಟುವವರು, ಗೂಡಂಗಡಿಯವರು ಇವರ ಬಾಗಿಲಿಗೆ ಏಜೆಂಟನೇ ಹೋಗುತ್ತಿದ್ದ. ಸಣ್ಣ ಸಣ್ಣ ಮೊತ್ತ ದಿನವೂ ಬಂದು ಒಂದು ಕಡೆ ಸೇರಬೇಕು, ಅಷ್ಟೇ ಅದರ ಗುಟ್ಟು. 2020ರ ಏಪ್ರಿಲ್ 1ಕ್ಕೆ ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಅಪ್ಪ ಅದನ್ನು ನೋಡಲು ಇರಲಿಲ್ಲ.

ಪಿಯುಸಿ ರಜೆಯಲ್ಲಿ ಸಂಜೆ ಅಪ್ಪನ ಪುಸ್ತಕದ ಮೊತ್ತ ಹಾಕುವ ಕೆಲಸ ನನ್ನದು. ಒಂದು ದಿನ ಅಡ್ಡಗೆರೆಯೂ ಇಲ್ಲದೆ ಬಿಟ್ಟಿದ್ದ ನಾಲ್ಕು ಮನೆಗಳ ಮುಂದೆ, ಪುಟ ಚಂದ ಕಾಣಲಿ ಎಂದು ಸೊನ್ನೆ ಬರೆದೆ. ಅಪ್ಪ ಬೈಯುವ ಜಾತಿಯವರಲ್ಲ, ಅವತ್ತು ಬೈದರು. "ಸೊನ್ನೆ ಅಂದ್ರೆ ನಾನು ಬಾಗಿಲಿಗೆ ಹೋಗಿ ಕೇಳಿ, ಅವರು ಇವತ್ತು ಇಲ್ಲ ಅಂದದ್ದು. ಇವೆಲ್ಲ ಬೀಗ ಹಾಕಿದ ಮನೆ. ನಾನು ನೋಡದ್ದಕ್ಕೆ ನೀನು ಸೊನ್ನೆ ಬರೀಬೇಡ." ರಬ್ಬರಿನಲ್ಲಿ ಒರೆಸಿ, ಒಂದೊಂದರ ಮುಂದೆಯೂ 'ಬೀ' ಎಂದು ಬರೆದರು.

ಹೀಗೆ 'ಬೀ' ಬರೆಯುತ್ತಿದ್ದುದರಿಂದಲೇ ಒಮ್ಮೆ ಒಂದು ಜೀವ ಉಳಿಯಿತು. ಅಪ್ಪನ ದಾರಿಯಲ್ಲಿ ಒಬ್ಬರು ಅಜ್ಜಿ ಇದ್ದರು, ಒಂಟಿ. ಕೊಡಲು ಕಾಸಿಲ್ಲದ ದಿನವೂ ಜಗಲಿಯಲ್ಲಿ ಕೂತು, ನಾಳೆ ಬಾ ಮಗ ಎನ್ನುವವರು. ಅವರ ಸಾಲಿನಲ್ಲಿ ಸೊನ್ನೆ ಬೇಕಾದಷ್ಟಿತ್ತು, 'ಬೀ' ಒಂದೂ ಇರಲಿಲ್ಲ. ಒಂದು ಮಳೆಗಾಲದಲ್ಲಿ ಎರಡು ದಿನ ಒಂದರ ಹಿಂದೆ ಒಂದು 'ಬೀ' ಬಿತ್ತು. ಎರಡನೆಯ ಸಂಜೆ ಪುಸ್ತಕ ತೆರೆದ ಅಪ್ಪ ಅಂಗಿ ಹಾಕಿಕೊಂಡು ಮತ್ತೆ ಹೊರಟರು. ನೆರೆಯವರನ್ನು ಕರೆದು ಹಿಂಬಾಗಿಲು ದೂಡಿ ನೋಡಿದರೆ ಅಜ್ಜಿ ಬಚ್ಚಲಿನ ಹತ್ತಿರ ಬಿದ್ದಿದ್ದರು, ಸೊಂಟ ಮುರಿದಿತ್ತು, ಜೀವವಿತ್ತು. ಆಮೇಲೂ ಮೂರು ವರ್ಷ ಪಿಗ್ಮಿ ಕಟ್ಟಿದರು.

ಇಂಥ ಮನುಷ್ಯನ ಮಗ ನಾನು. ಉಡುಪಿಯಲ್ಲಿ ಬಿ.ಕಾಂ. ಮಾಡಿ, ಮಂಗಳೂರಿನಲ್ಲಿ ಆರ್ಟಿಕಲ್‌ಶಿಪ್ ಮುಗಿಸಿ, ಸಿ.ಎ. ಎಂದು ಹೆಸರಿನ ಮುಂದೆ ಹಾಕಿಕೊಂಡು, ಎಕ್ಸೆಲ್ ಮೊತ್ತ ಸರಿಯಾಗಲಿ ಎಂದು ಬೀಗ ಹಾಕಿದ ಬಾಗಿಲಿಗೆ ಸೊನ್ನೆ ಬರೆಸಿದ್ದೆ.

ಮರುದಿನ ಬೆಳಿಗ್ಗೆ ಜನರಲ್ ಮ್ಯಾನೇಜರ್ ಕೋಣೆಗೆ ಹೋಗಿ ಎರಡೂ ವಿಷಯ ಹೇಳಿದೆ, ಇಮೇಲಿನ ಪ್ರತಿಯನ್ನು ಮೇಜಿನ ಮೇಲಿಟ್ಟೆ. ಅವರು ಬಹಳ ಹೊತ್ತು ಓದಿದರು, ಅದರಲ್ಲಿದ್ದದ್ದು ಎರಡೇ ಸಾಲು. ನಿನ್ನೆ ಯಾಕೆ ಹೇಳಲಿಲ್ಲ ಎಂದು ಕೇಳಿದರು. ಉತ್ತರ ನನ್ನಲ್ಲಿರಲಿಲ್ಲ. ವಾರ್ನಿಂಗ್ ಲೆಟರ್ ಹರಿದುಹೋಯಿತು. ಆ ವರ್ಷ ನನ್ನ ಬೋನಸ್ ಅರ್ಧವಾಯಿತು. ಮೀರಿದ ಬಿಲ್ಲುಗಳು ತಡವಾಗಿ ಸೇರಿದವು, ದಂಡ ಬರಲಿಲ್ಲ. 6,000 ರಿಯಾಲಿಗೆ ಅದೇ ವಾರ ಸಹಿಯಾಯಿತು. ಹುಡುಗನನ್ನು ಕರೆದು, ಇಮೇಲ್ ಯಾಕೆ ತೋರಿಸಲಿಲ್ಲ ಎಂದು ಕೇಳಿದೆ. "ತೋರಿಸಿದ್ರೆ ನಿಮ್ಮ ಜತೆ ನಾಳೆ ಕೆಲಸ ಮಾಡೋದು ಹೇಗೆ ಸರ್" ಎಂದ.

ಆಮೇಲಿನ ಒಂದು ತಿಂಗಳು ನಾನು ಅವನ ಶಿಷ್ಯ. ಹಣ ಕೊಡುವವನಿಗೆ ವಿಷಯ ತಿಳಿದಿರಬೇಕು ಎಂದು ಹಟ ಹಿಡಿದು, ಸಂಜೆ ಐದಾದ ಮೇಲೆ ಅವನ ಪಕ್ಕ ಕುರ್ಚಿ ಹಾಕಿಕೊಂಡು ಕೂತೆ.

ದೂರದ ಯಂತ್ರಗಳ ಆರೋಗ್ಯವನ್ನು ಒಂದು ಕಡೆ ಕೂಡಿಹಾಕಲು ಎರಡು ದಾರಿಯಿದೆಯಂತೆ. ಒಂದರಲ್ಲಿ ನಡುವಿನ ಯಂತ್ರವೇ ನಿಗದಿತ ಹೊತ್ತಿಗೊಮ್ಮೆ ಪ್ರತಿಯೊಂದರ ಬಾಗಿಲಿಗೂ ಹೋಗಿ ಲೆಕ್ಕ ಕೇಳಿಕೊಂಡು ಬರುತ್ತದೆ. 2012ರಲ್ಲಿ ಸೌಂಡ್‌ಕ್ಲೌಡ್ ಕಂಪನಿಯಲ್ಲಿ ಶುರುವಾದ ಪ್ರೊಮಿಥಿಯಸ್ ಎಂಬ ತಂತ್ರಾಂಶದ ಕ್ರಮ ಇದು. ಇದು ನಮ್ಮ ಅಪ್ಪನ ಪಿಗ್ಮಿ ಎಂದೆ. ಅವನಿಗೆ ಭಟ್ಕಳದಲ್ಲೂ ಪಿಗ್ಮಿ ಗೊತ್ತಿತ್ತು, ನಕ್ಕ. ಆದರೆ ನಮಗೆ ಅದು ಕಷ್ಟ ಸರ್ ಎಂದ. ನಮ್ಮ ಅಂಗಡಿಗಳ ಇಂಟರ್ನೆಟ್ಟಿಗೆ ಸ್ಥಿರ ವಿಳಾಸವಿಲ್ಲ, ಇವತ್ತಿದ್ದ ಮನೆ ನಂಬರು ನಾಳೆ ಇಲ್ಲ. ಮೇಲಾಗಿ ರೂಟರ್ ಹೊರಗಿನವರನ್ನು ಒಳಗೆ ಬಿಡುವುದಿಲ್ಲ. ಬಿಡುವ ಹಾಗೆ ಕಿಂಡಿ ತೆರೆದರೆ ಕಳ್ಳರಿಗೂ ಅದೇ ಕಿಂಡಿ.

ಇನ್ನೊಂದು ದಾರಿಯಲ್ಲಿ ಅಂಗಡಿಯ ಯಂತ್ರವೇ ಒಳಗಿನಿಂದ ಹೊರಟು ನಡುವಿನ ಯಂತ್ರವನ್ನು ಹುಡುಕಿಕೊಂಡು ಬಂದು, ಒಂದು ಸಂಪರ್ಕ ಹಿಡಿದು, ಬಿಡದೆ ಲೆಕ್ಕ ಹರಿಸುತ್ತ ಇರುತ್ತದೆ. ಅವನು ಆರಿಸಿದ್ದು ಈ ಎರಡನೆಯದನ್ನು. ತಂತ್ರಾಂಶದ ಹೆಸರು ನೆಟ್‌ಡೇಟಾ. ಕೋಸ್ಟಾ ತ್ಸಾವುಸಿಸ್ ಎಂಬ ಗ್ರೀಕ್ ತಂತ್ರಜ್ಞ ಕಟ್ಟಿದ್ದು, 2016ರಲ್ಲಿ ಹೆಸರು ಮಾಡಿದ್ದು, ಬಳಸಲು ಶುಲ್ಕವಿಲ್ಲ. ಅದರ ಭಾಷೆಯಲ್ಲಿ ಅಂಗಡಿಯ ಯಂತ್ರ 'ಮಗು', ನಡುವಿನದು 'ಪೋಷಕ'. ಹಿಂದೆ ಯಜಮಾನ, ಗುಲಾಮ ಎಂಬ ಹೆಸರುಗಳಿದ್ದವಂತೆ, ಬದಲಾಯಿಸಿದ್ದು ಒಳ್ಳೆಯದಾಯಿತು. ಮಗು ಬಂದಾಗ ಒಂದು ಗುಟ್ಟಿನ ಕೀಲಿ ಹೇಳಬೇಕು. ಅಡ್ಡಗೆರೆ ಸೇರಿ ಮೂವತ್ತಾರು ಅಕ್ಷರ. ಹುಡುಗ ಎಲ್ಲ ಅಂಗಡಿಗೂ ಒಂದೇ ಕೀಲಿ ಕೊಡಲು ಹೊರಟಿದ್ದ. ನಾನು ಬಿಡಲಿಲ್ಲ. ಎಲ್ಲ ಕ್ಯಾಶಿಯರ್‌ಗಳಿಗೂ ಒಂದೇ ಕೀಲಿ ಕೊಟ್ಟರೆ ಹಣ ಹೋದ ದಿನ ಯಾರನ್ನು ಕೇಳುವುದು? ಒಂದೊಂದು ಅಂಗಡಿಗೆ ಒಂದೊಂದು ಕೀಲಿಯಾಯಿತು. ದಾರಿಯಲ್ಲಿ ಯಾರೂ ಓದದಂತೆ ಗೂಢಲಿಪಿಯನ್ನು ಬೇರೆಯಾಗಿ ಹೊಂದಿಸಬೇಕಿತ್ತು, ಅದನ್ನೂ ಮಾಡಿದ.

ನಮ್ಮಿಬ್ಬರ ನಡುವೆ ದೊಡ್ಡ ಚರ್ಚೆ ನಡೆದದ್ದು ಸೆಕೆಂಡಿನ ಮೇಲೆ. ಆ ತಂತ್ರಾಂಶ ಪ್ರತಿ ಸೆಕೆಂಡೂ ಅಳೆಯುತ್ತದೆ: ಪ್ರೊಸೆಸರ್ ಎಷ್ಟು ದುಡಿಯುತ್ತಿದೆ, ಮೆಮೊರಿ ಎಷ್ಟು ಉಳಿದಿದೆ, ಡಿಸ್ಕ್ ಎಷ್ಟು ತುಂಬಿದೆ. ಪಂಪಿನ ಅಂಗಡಿಗೆ ಇಷ್ಟೆಲ್ಲ ಯಾಕೆ, ನಿಮಿಷಕ್ಕೊಮ್ಮೆ ಸರಾಸರಿ ಸಾಲದೇ ಎಂದೆ. ಅವನು ಖೋಬರ್ ಯಂತ್ರದ ಎರಡು ಚಿತ್ರ ಪಕ್ಕಪಕ್ಕ ತೋರಿಸಿದ. ನಿಮಿಷದ ಸರಾಸರಿಯಲ್ಲಿ ಶೇಕಡಾ 20ರ ಸುತ್ತ ನೆಮ್ಮದಿಯ ಗೆರೆ. ಸೆಕೆಂಡಿನ ಚಿತ್ರದಲ್ಲಿ ಪ್ರತಿ ನಿಮಿಷಕ್ಕೊಮ್ಮೆ ಎಂಟು ಸೆಕೆಂಡು ಶೇಕಡಾ 100. ಗಿರಾಕಿ ಕೌಂಟರಿನಲ್ಲಿ ಬಿಲ್ಲಿಗೆ ಕಾಯುವುದು ಆ ಎಂಟು ಸೆಕೆಂಡಿನಲ್ಲಿ. ತಿಂಗಳ ಸರಾಸರಿ ಬಾಕಿ ನೋಡಿ ಖಾತೆ ಚೆನ್ನಾಗಿದೆ ಎಂದುಕೊಂಡರೆ ಹದಿನೈದನೆಯ ತಾರೀಕಿಗೆ ಚೆಕ್ಕು ಬೌನ್ಸ್ ಆದದ್ದು ಕಾಣುವುದಿಲ್ಲ. ಅರ್ಥವಾಯಿತು, ಸೋತೆ.

ಮಗು ತಾನು ಏನನ್ನೂ ಇಟ್ಟುಕೊಳ್ಳದೆ ಎಲ್ಲವನ್ನೂ ಪೋಷಕನಿಗೆ ಒಪ್ಪಿಸುವ ಹಾಗೂ ಮಾಡಬಹುದು, ಆಗ ಅಂಗಡಿಯ ಬಡ ಯಂತ್ರಕ್ಕೆ ಹೊರೆ ಕಡಿಮೆ. ಇಲ್ಲಿ ನಾನು ಗೆದ್ದೆ. ಶಾಖೆಯ ಪುಸ್ತಕ ಶಾಖೆಯಲ್ಲೂ ಇರಬೇಕು. ಸಿ.ಎ. ಓದುವಾಗ ಶಾಖಾ ಲೆಕ್ಕದಲ್ಲಿ 'ದಾರಿಯಲ್ಲಿರುವ ಸರಕು' ಎಂಬ ತಲೆಬರಹ ಬರುತ್ತದೆ: ಶಾಖೆ ಕಳಿಸಿದೆ, ಹೆಡ್ಡಾಫೀಸಿಗೆ ಮುಟ್ಟಿಲ್ಲ. ಎರಡು ಕಡೆಯೂ ಪುಸ್ತಕವಿದ್ದರೆ ಮಾತ್ರ ಅದನ್ನು ಹೊಂದಿಸಲು ಸಾಧ್ಯ. ಹಾಗೆ ಇಟ್ಟದ್ದರಿಂದ ಒಂದು ಲಾಭವಾಯಿತು. ಇಂಟರ್ನೆಟ್ ಕಡಿದು ಮತ್ತೆ ಬಂದಾಗ ಮಗು ತಪ್ಪಿದ ಹೊತ್ತಿನ ಲೆಕ್ಕವನ್ನೂ ತಂದು ಒಪ್ಪಿಸುತ್ತದೆ, ನಡುವೆ ಹರಿದ ಗೆರೆ ಕೂಡಿಕೊಳ್ಳುತ್ತದೆ.

ಜೋಡಿಸಿದ ದಿನ ಹೊಫೂಫಿನ ಗಡಿಯಾರ ನಾಲ್ಕು ನಿಮಿಷ ಹಿಂದಿದೆ ಎಂಬುದು ಗೊತ್ತಾಯಿತು. ಅಂದರೆ ಅಷ್ಟು ದಿನ ಅಲ್ಲಿನ ಬಿಲ್ಲುಗಳ ಸಮಯವೂ ಹಾಗೇ. ಸರಿಪಡಿಸಿದೆವು. ಆಮೇಲೆ ಅವನು ಉಳಿದಿದ್ದ ಹಳೆಯ ಕಡತಗಳ ತಾರೀಕು, ಗಾತ್ರ ನೋಡಿ ಲೆಕ್ಕ ಹಾಕಿ ಹೇಳಿದ: ಆ ಡಿಸ್ಕ್ ತುಂಬಲು ಹದಿನೆಂಟು ದಿನ ಹಿಡಿದಿತ್ತು. ಹದಿನೆಂಟು ದಿನವೂ ಒಂದೇ ಇಳಿಜಾರಿನಲ್ಲಿ ಏರಿದ ಗೆರೆ. ಯಾರಾದರೂ ಒಂದು ಸಲ ಕಣ್ಣು ಹಾಯಿಸಿದ್ದರೆ ಸಾಕಿತ್ತು.

ಇಷ್ಟಾದ ಮೇಲೂ ನನಗೆ ಒಂದು ಅನುಮಾನ ಉಳಿದಿತ್ತು. ಅಪ್ಪ ತಾನೇ ಬಾಗಿಲಿಗೆ ಹೋಗುತ್ತಿದ್ದುದರಿಂದ ಬೀಗ ಅವರ ಕಣ್ಣಿಗೆ ಬೀಳುತ್ತಿತ್ತು. ಈಗಿನ ಏರ್ಪಾಟಿನಲ್ಲಿ ಮಗುವೇ ಬರಬೇಕು. ಬಾರದೆ ಹೋದರೆ ಬಂದಿಲ್ಲ ಎಂದು ಹೇಳುವವರು ಯಾರು? ಡಿಸ್ಕ್ ಶೇಕಡಾ 90 ದಾಟಿದರೆ ಎಚ್ಚರಿಕೆ ಕೊಡು ಎಂದು ಹೇಳಿಟ್ಟಿದ್ದೇವೆ ಸರಿ, ಆದರೆ ಸತ್ತ ಯಂತ್ರ ಶೇಕಡಾ 90 ಎಂದೂ ಹೇಳುವುದಿಲ್ಲ, 10 ಎಂದೂ ಹೇಳುವುದಿಲ್ಲ. ಹುಡುಗ ಸ್ವಲ್ಪ ಹೊತ್ತು ಯೋಚಿಸಿ, ಹಾಜರಿ ಪುಸ್ತಕ ಬೇಕು ಅಂತೀರಿ ಎಂದ. ಹೌದು, ಅದೇ. ಐದು ಹೆಸರುಗಳ ಒಂದು ಪಟ್ಟಿ ಪೋಷಕನ ಕೈಯಲ್ಲಿ. ಯಾವ ಹೆಸರಿನಿಂದಾದರೂ ಎರಡು ನಿಮಿಷ ಮಾತು ನಿಂತರೆ ನಮ್ಮಿಬ್ಬರ ಮೊಬೈಲಿಗೂ ಸುದ್ದಿ. ಪರದೆಯ ಮೇಲೆ ಆ ಜಾಗದಲ್ಲಿ ಸೊನ್ನೆ ಬರಕೂಡದು, ಬೂದು ಬಣ್ಣ ಬರಬೇಕು. ನನ್ನ ಎಕ್ಸೆಲ್ ಸೂತ್ರಗಳನ್ನು ನಾನು ತಿದ್ದಿಕೊಂಡೆ, ಅರ್ಧ ಗಂಟೆಯ ಕೆಲಸ. ಆ ಅರ್ಧ ಗಂಟೆ ಉಳಿಸಲು ಹೋಗಿ ಇಷ್ಟೆಲ್ಲ ಆದದ್ದು.

ಪೋಷಕನೇ ಸತ್ತರೆ ಎಂದು ಹೆಂಡತಿ ಕೇಳಿದಳು, ಊಟಕ್ಕೆ ಕೂತಾಗ. ಮರುದಿನ ಅದನ್ನು ಹುಡುಗನಿಗೆ ದಾಟಿಸಿದೆ. ಮಕ್ಕಳಿಗೆ ಎರಡು ವಿಳಾಸ ಕೊಡಬಹುದು, ಮೊದಲನೆಯದು ಸಿಗದಿದ್ದರೆ ಎರಡನೆಯದಕ್ಕೆ ಹೋಗುತ್ತವೆ ಎಂದ. ಎರಡನೆಯ ಪೋಷಕ ಈಗ ರಿಯಾದ್‌ನಲ್ಲಿದೆ. ಅದರ ಹಣಕ್ಕೆ ನಾನು ಪ್ರಶ್ನೆ ಕೇಳದೆ ಸಹಿ ಹಾಕಿದೆ.

ಹುಡುಗನ ಇಕಾಮಾ ನವೀಕರಣವಾಯಿತು. ಕಳೆದ ತಿಂಗಳು ಮದುವೆಗೆಂದು ಭಟ್ಕಳಕ್ಕೆ ಹೋದ. ಹೋಗುವ ಮುಂಚೆ ಪರದೆಯನ್ನು ನನಗೆ ಒಪ್ಪಿಸಿ, "ಬೂದು ಬಂದ್ರೆ ಮೊದಲು ಅಂಗಡಿಗೆ ಫೋನ್ ಮಾಡಿ ಸರ್, ನನಗೆ ಆಮೇಲೆ" ಎಂದ.

ಮೊನ್ನೆ ಸಂಜೆ ಏಳು ನಲವತ್ತಕ್ಕೆ ಮೊಬೈಲ್ ಗುಂಯ್‌ಗುಟ್ಟಿತು. ಹೊಫೂಫ್ ಬೂದು. ಫೋನು ಮಾಡಿದೆ, ಯಾರೂ ಎತ್ತಲಿಲ್ಲ. ಮತ್ತೆ ಮಾಡಿದೆ. ಏಳು ಐವತ್ತೆರಡಕ್ಕೆ ಬಣ್ಣ ಬಂತು, ಗೆರೆ ಮತ್ತೆ ಓಡತೊಡಗಿತು. ನಡುವಿನ ಹನ್ನೆರಡು ನಿಮಿಷ ತುಂಬಿಕೊಳ್ಳುತ್ತದೆಯೋ ಎಂದು ಕಾದು ಕೂತೆ. ತುಂಬಿದರೆ ಇಂಟರ್ನೆಟ್ ಹೋದದ್ದು, ತುಂಬದಿದ್ದರೆ ಯಂತ್ರವೇ ಆರಿದ್ದು. ತುಂಬಲಿಲ್ಲ. ಕೊನೆಗೆ ಅಂಗಡಿಯವನು ಫೋನು ಎತ್ತಿದ. ಚಹಕ್ಕೆ ಕೆಟಲ್ ಹಾಕಲು ಪ್ಲಗ್ ತೆಗೆದಿದ್ದನಂತೆ. ಕೆಟಲಿಗೆ ಬೇರೆ ಸಾಕೆಟ್ ಹಾಕಿಸಲು ಎಷ್ಟಾಗುತ್ತದೆ ಕೇಳಿ ನಾಳೆಯೇ ಬಿಲ್ಲು ಕಳಿಸು ಎಂದೆ. ನನ್ನ ಮೇಜಿನ ಮೇಲೆ ಒಂದು ಪುಸ್ತಕ ಇಟ್ಟಿದ್ದೇನೆ, ಇಂಥವನ್ನು ಕೈಯಲ್ಲೇ ಬರೆಯುತ್ತೇನೆ. ಅದರಲ್ಲಿ ಬರೆದೆ: ಹೊಫೂಫ್, 7.40ರಿಂದ 7.52, ಬೀ.